ಎಸ್ಸೆಸ್ಸೆಲ್ಸಿ ಆಯಿತು: ಐಟಿಐ ವೆಲ್ಡರ್ ಒಂದು ವರ್ಷವೋ, ಮೂರು ತಿಂಗಳ 6ಜಿ ಕೋರ್ಸ್ ಮಾಡಿ ಗಲ್ಫಿಗೋ?

ಮಂಜೇಶ್ವರದ ಕಡೆಯವರು, ಕನ್ನಡ ಮೀಡಿಯಂ, ಮಲಯಾಳ ಓದಲು ಬಾರದು, ಆದಷ್ಟು ಬೇಗ ವಿಮಾನ ಹತ್ತಬೇಕು. ನಿಮ್ಮ ಪ್ರಶ್ನೆಯಲ್ಲಿ ಹೆಸರೊಂದು ಬದಲಾಯಿಸಿದರೆ ಅದು ಹಿಂದಿನ ನಾನೇ. ಹಾಗಾಗಿ ಸುತ್ತಿ ಬಳಸದೆ ಹೇಳುತ್ತೇನೆ, ಐಟಿಐಯೋ 6ಜಿಯೋ ಎಂಬುದು ಪ್ರಶ್ನೆಯೇ ಅಲ್ಲ. ಎಷ್ಟು ಪೈಪಿಗೆ ರೂಟ್ (ಜಾಯಿಂಟಿನ ತಳಕ್ಕೆ ಹಾಕುವ ಮೊದಲ ವೆಲ್ಡ್) ಹೊಡೆದಿದ್ದೀರಿ, ಅದನ್ನು ಕತ್ತರಿಸಿ ಒಳಗೆ ನೋಡಿದ್ದೀರಾ, ಕೇಳಬೇಕಾದ್ದು ಅದು.

6ಜಿ ಎಂದರೆ ಪೈಪನ್ನು 45 ಡಿಗ್ರಿ ಓರೆಗೆ ಕಟ್ಟಿ, ತಿರುಗಿಸದೆ ಸುತ್ತಲೂ ವೆಲ್ಡ್ ಮಾಡುವುದು. ಅದರಲ್ಲಿ ಪಾಸಾದರೆ ಉಳಿದ ಪೊಸಿಷನ್‌ಗಳಲ್ಲೂ ಪಾಸಾದ ಲೆಕ್ಕ, ಅದಕ್ಕೇ ಅಷ್ಟು ಬೇಡಿಕೆ. ಆದರೆ ಕೋರ್ಸಿನವರು ಕೊಡುವ 6ಜಿ ಸರ್ಟಿಫಿಕೇಟಿಗೆ ರಿಫೈನರಿ ಗೇಟಿನಲ್ಲಿ ಕಿಮ್ಮತ್ತಿಲ್ಲ ಮಾರಾಯ್ರೆ. ರಿಫೈನರಿಗಳು ಪಾಲಿಸುವ ವೆಲ್ಡಿಂಗ್ ನಿಯಮ ಎಎಸ್‌ಎಂಇ ಸೆಕ್ಷನ್ 9ರ ಪ್ರಕಾರ ವೆಲ್ಡರನ್ನು ಪರೀಕ್ಷೆ ಮಾಡುವ ಹೊಣೆ ಕೆಲಸ ಕೊಡುವ ಕಂಪೆನಿಯದು. ಅವರು ತಮ್ಮ ಡಬ್ಲ್ಯುಪಿಎಸ್ (ವೆಲ್ಡ್ ಹೇಗೆ ಮಾಡಬೇಕೆಂದು ಬರೆದ ಹಾಳೆ) ಕೈಗೆ ಕೊಟ್ಟು, ತಮ್ಮೆದುರೇ ಪೈಪ್ ವೆಲ್ಡ್ ಮಾಡಿಸುತ್ತಾರೆ. ಒಮ್ಮೆ ಪಾಸಾದವನೂ ಅದೇ ವೆಲ್ಡಿಂಗ್ ವಿಧಾನದಲ್ಲಿ 6 ತಿಂಗಳು ಕೆಲಸ ಮಾಡದಿದ್ದರೆ ಅವನ ಅರ್ಹತೆ ಹೋಗುತ್ತದೆ. ಹಾಗಿರುವಾಗ ಕಾಗದ ಕೊಂಡುಕೊಂಡು ಎಂತ ಮಾಡುವುದು?

ಟೆಸ್ಟಿನಲ್ಲಿ ನಮ್ಮ ಊರಿನ ಹುಡುಗರನ್ನು (ನನ್ನನ್ನೂ ಸೇರಿಸಿ) ಬೀಳಿಸುವುದು ಕ್ಯಾಪಿಂಗ್ (ಮೇಲಿನ ಕೊನೆಯ ಪದರ) ಅಲ್ಲ, ಟ್ಯಾಕ್, ಅಂದರೆ ಎರಡು ತುಂಡನ್ನು ಹಿಡಿದಿಡಲು ಮೊದಲು ಹಾಕುವ ಚಿಕ್ಕ ವೆಲ್ಡ್. ಕ್ಯಾಪಿಂಗ್ ಎಲ್ಲರೂ ನಾಣ್ಯ ಜೋಡಿಸಿದ ಹಾಗೆ ಚಂದ ಮಾಡುತ್ತಾರೆ, ಫೋಟೋ ತೆಗೆದು ಸ್ಟೇಟಸ್ಸಿಗೂ ಹಾಕುತ್ತಾರೆ. ಎಕ್ಸ್‌ರೇ ನೋಡುವವನಿಗೆ ಬೇಕಾದ್ದು ಒಳಗಿನ ರೂಟ್. ಇದನ್ನು ಉದ್ದಕ್ಕೆ ಹೇಳುತ್ತೇನೆ, ಬೇಸರ ಮಾಡಬೇಡಿ.

6 ಇಂಚಿನ ಶೆಡ್ಯೂಲ್ 80 ಪೈಪ್ (ಶೆಡ್ಯೂಲ್ ಎಂದರೆ ಪೈಪಿನ ಗೋಡೆಯ ದಪ್ಪದ ದರ್ಜೆ) ಅಂತ ಇಟ್ಟುಕೊಳ್ಳಿ, ದಪ್ಪ ಹತ್ತಿರ ಹತ್ತಿರ 11 ಮಿ.ಮೀ. ಎರಡೂ ತುಂಡಿಗೆ 37.5 ಡಿಗ್ರಿ ಬೆವೆಲ್ (ಓರೆಯಾಗಿ ಕತ್ತರಿಸಿದ ಅಂಚು), ರೂಟ್ ಫೇಸ್ (ಅದರ ತುದಿಯಲ್ಲಿ ಓರೆ ಮಾಡದೆ ಬಿಟ್ಟ ಭಾಗ) 1ರಿಂದ 1.5 ಮಿ.ಮೀ., ಮಧ್ಯೆ 3 ಮಿ.ಮೀ. ಗ್ಯಾಪ್. ಬೆವೆಲಿನ ಆಚೀಚೆ, ಪೈಪಿನ ಒಳಗೂ ಹೊರಗೂ, 25 ಮಿ.ಮೀ. ತನಕ ತುಕ್ಕು, ಎಣ್ಣೆ, ಪೇಂಟ್ ಹೋಗಿ ಲೋಹ ಹೊಳೆಯಬೇಕು. ಗ್ಯಾಪಿಗೆ 3.15 ಮಿ.ಮೀ. ರಾಡಿನ ಫ್ಲಕ್ಸ್ (ಮೇಲಿನ ಲೇಪ) ತಟ್ಟಿ ತೆಗೆದು, ಒಳಗಿನ ತಂತಿಯನ್ನು ವಿ ಆಕಾರಕ್ಕೆ ಬಗ್ಗಿಸಿ ನಡುವೆ ಇಟ್ಟರೆ ಸಾಕು. ಮೊದಲ ಟ್ಯಾಕ್ ತಣಿಯುವಾಗ ಲೋಹ ಕುಗ್ಗಿ ಗ್ಯಾಪನ್ನು ಎಳೆಯುತ್ತದೆ. ಆದ್ದರಿಂದ ಒಂದು ಟ್ಯಾಕ್ ಆದ ಕೂಡಲೇ ಅದರ ಎದುರು ಬದಿ ಅಳೆದು, ಸರಿ ಮಾಡಿ, ಆಮೇಲೆ ಮುಂದಿನದು. 6 ಇಂಚಿಗೆ ನಾಲ್ಕು ಟ್ಯಾಕ್, 2 ಇಂಚಿಗೆ ಮೂರು. ಪೈಪಿನ ಅತಿ ಕೆಳಗೆ, ಅಂದರೆ ಗಡಿಯಾರದ 6ರ ಜಾಗದಲ್ಲಿ ಟ್ಯಾಕ್ ಬೇಡವೇ ಬೇಡ, ಅಲ್ಲಿಂದಲೇ ರೂಟ್ ಶುರು ಮಾಡಬೇಕಲ್ಲ.

ತಪ್ಪು ಆಗುವುದು ಇದರ ನಂತರ. ಟ್ಯಾಕ್ ಹಾಕಿ, ಬ್ರಶ್ ಉಜ್ಜಿ, ಸೀದಾ ರೂಟಿಗೆ ಇಳಿಯುತ್ತಾರೆ. ಟ್ಯಾಕ್ ಎಂದರೆ 10–15 ಮಿ.ಮೀ. ಉದ್ದದ ಒಂದು ಗಂಟು. ಅದರ ತುದಿ ದಪ್ಪವಾಗಿಯೇ ಉಳಿದರೆ ಆರ್ಕಿನ ಬಿಸಿಯೆಲ್ಲ ಗಂಟು ಕರಗಿಸುವುದಕ್ಕೇ ಖರ್ಚಾಗುತ್ತದೆ, ಅಡಿಯಲ್ಲಿರುವ ಬೆವೆಲಿನ ಅಂಚು ಕರಗುವುದೇ ಇಲ್ಲ. ಫಿಲ್ಲರ್ (ಜಾಯಿಂಟಿಗೆ ತುಂಬುವ ಲೋಹ) ಮೇಲಿಂದ ಸೇತುವೆ ಕಟ್ಟಿ ದಾಟಿಬಿಡುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗದು, ಎಕ್ಸ್‌ರೇಯಲ್ಲಿ ಅದೇ ಜಾಗದಲ್ಲಿ ಕಪ್ಪು ಗೆರೆ. ಬೆಂಡ್ ಟೆಸ್ಟ್ ಆದರೆ 6ಜಿ ಪೈಪಿನಿಂದ ನಾಲ್ಕು ತುಂಡು ತೆಗೆಯುತ್ತಾರೆ. ಬಗ್ಗಿಸಿದಾಗ 3 ಮಿ.ಮೀ.ಗಿಂತ ದೊಡ್ಡದಾಗಿ ಬಾಯಿ ಬಿಟ್ಟರೆ ಫೇಲ್.

ಮಾಡಬೇಕಾದ್ದು ಐದು ನಿಮಿಷದ ಕೆಲಸ. ತೆಳು ಡಿಸ್ಕಿನಲ್ಲಿ ಪ್ರತಿ ಟ್ಯಾಕಿನ ಎರಡೂ ತುದಿಯನ್ನು ಇಳಿಜಾರು ಮಾಡಿ, ಕೊನೆ ಚೂರಿಯ ಅಲಗಿನಷ್ಟು ತೆಳ್ಳಗಾಗುವ ತನಕ ಉಜ್ಜಿ. ಬಿರುಕು ಬಿಟ್ಟ ಟ್ಯಾಕಿನ ಮೇಲೆ ವೆಲ್ಡ್ ಹೊಡೆಯಬೇಡಿ, ಪೂರ್ತಿ ಕಿತ್ತು ಹೊಸತು ಹಾಕಿ. ರೂಟ್ ಟಿಗ್‌ನಲ್ಲಿ (ಆರ್ಗನ್ ಗ್ಯಾಸ್ ಬಿಟ್ಟು ಟಂಗ್‌ಸ್ಟನ್ ಕಡ್ಡಿಯಿಂದ ಮಾಡುವ ವೆಲ್ಡಿಂಗ್) ಆದರೆ 2.4 ಮಿ.ಮೀ. ಟಂಗ್‌ಸ್ಟನ್, 2.4 ಮಿ.ಮೀ. ಫಿಲ್ಲರ್, ಡಿಸಿ ನೆಗೆಟಿವ್ (ಟಾರ್ಚ್ ನೆಗೆಟಿವ್‌ಗೆ), 90–110 ಆಂಪಿಯರ್, ಆರ್ಗನ್ ನಿಮಿಷಕ್ಕೆ 8–12 ಲೀಟರ್. ಟ್ಯಾಕಿನಿಂದ ಮುಂದುವರಿಸುವಾಗ ಆರ್ಕನ್ನು ಟ್ಯಾಕಿನ ಮೇಲೆ ಹೊತ್ತಿಸಿ, ಇಳಿಜಾರಿನ ತುದಿಗೆ ತಂದು, ಕೀಹೋಲ್ (ಎರಡೂ ಅಂಚು ಕರಗಿ ಮುಂದೆ ಕಾಣುವ ಚಿಕ್ಕ ತೂತು) ತೆರೆಯುವ ತನಕ ಕಾಯಿರಿ. ಅದು ಕಾಣುವ ಮೊದಲು ಫಿಲ್ಲರ್ ತೂರಿಸುವ ಅವಸರ ಬೇಡ. ನಿಲ್ಲಿಸುವಾಗಲೂ ಟಾರ್ಚ್ ಫಕ್ಕನೆ ಎತ್ತಬಾರದು. ಆರ್ಕನ್ನು ಬೆವೆಲಿನ ಬದಿಗೆ ಸರಿಸಿ ಆರಿಸಿ, ಗ್ಯಾಸ್ ನಿಲ್ಲುವವರೆಗೆ ಟಾರ್ಚ್ ಅಲ್ಲೇ ಹಿಡಿದಿರಿ, ಇಲ್ಲದಿದ್ದರೆ ನಡುವೆ ಸೂಜಿ ತೂತು ಬೀಳುತ್ತದೆ.

ಎರಡನೆಯ ಶತ್ರು ನಮ್ಮ ಮಳೆಗಾಲ. 7018 ಎಂಬ ಲೋ-ಹೈಡ್ರೋಜನ್ ರಾಡ್ ಗಾಳಿಯ ತೇವ ಹೀರುತ್ತದೆ. ಆ ತೇವದ ಹೈಡ್ರೋಜನ್ ವೆಲ್ಡಿನೊಳಗೆ ಸೇರಿ ತೂತು, ಕೆಲವೊಮ್ಮೆ ಗಂಟೆಗಳ ನಂತರ ಬಿರುಕು. ಪೊಟ್ಟಣದ ಮೇಲೆ ಬರೆದಂತೆ, ಸಾಮಾನ್ಯವಾಗಿ 300–350 ಡಿಗ್ರಿಯಲ್ಲಿ 1–2 ಗಂಟೆ ಓವನ್ನಿನಲ್ಲಿ ಬೇಯಿಸಿ, ಆಮೇಲೆ ಬಿಸಿ ಫ್ಲಾಸ್ಕಿನಲ್ಲಿ ಇಟ್ಟುಕೊಳ್ಳಬೇಕು. ತಗಡಿನ ಮೇಲೆ ಬಿಸಿಲಿಗೆ ಹರಡಿದರೆ ಏನೂ ಆಗದು. ಹಾಗೆಂದು ಗ್ರಿಲ್ ಕೆಲಸಕ್ಕೆಲ್ಲ ಬಳಸುವ ಸಾಮಾನ್ಯ ರಾಡ್ 6013ನ್ನೂ ಅಷ್ಟೇ ಸುಟ್ಟರೆ ಅದು ಹಾಳು.

ಐಟಿಐ ವಿಷಯ ಹೇಳದಿದ್ದರೆ ಉತ್ತರ ಆಗಲಿಲ್ಲ ಅನ್ನುತ್ತೀರಿ. ಮಾಡಿ. ಕಾಸರಗೋಡು ವಿದ್ಯಾನಗರದ್ದೋ, ಗಡಿ ದಾಟಿ ಮಂಗಳೂರು ಕದ್ರಿಯದ್ದೋ, ಖಾಸಗಿಯದ್ದೋ, ವೆಲ್ಡರ್ ಟ್ರೇಡಿಗೆ ಕೇಂದ್ರ ಸರಕಾರದ ಡಿಜಿಟಿ ಮಾನ್ಯತೆ (ಹಿಂದೆ ಎನ್‌ಸಿವಿಟಿ ಅನ್ನುತ್ತಿದ್ದದ್ದು) ಉಂಟಾ ಅಂತ ಮಾತ್ರ ನೋಡಿ. ಒಂದು ವರ್ಷದ ಟ್ರೇಡ್, ಎಂಟನೇ ಪಾಸಾದವರಿಗೂ ಸೀಟು ಉಂಟು. ಮುಂದೆ ಅಪ್ರೆಂಟಿಸ್‌ಶಿಪ್‌ಗೂ ಸರಕಾರಿ ಕಂಪೆನಿಯ ಅರ್ಜಿಗೂ ಆ ಟ್ರೇಡ್ ಸರ್ಟಿಫಿಕೇಟೇ ಕೇಳುವುದು. ಮಲಯಾಳದ ಹೆದರಿಕೆ ಬಿಡಿ, ಶಾಪಿನೊಳಗೆ ರೂಟ್, ಗ್ಯಾಪ್, ಬೆವೆಲ್ ಯಾವ ಭಾಷೆಯವನಿಗೂ ಒಂದೇ. ಕಲಿಯಬೇಕಾದ್ದು ಡ್ರಾಯಿಂಗಿನ ವೆಲ್ಡಿಂಗ್ ಚಿಹ್ನೆ ಮತ್ತು ಡಬ್ಲ್ಯುಪಿಎಸ್ ಓದುವುದು, ಅದು ಇಂಗ್ಲಿಷಿನಲ್ಲೇ ಇರುತ್ತದೆ.

ಊರಿನ ಗ್ರಿಲ್ ಅಂಗಡಿಗೆ ರಜೆಯಲ್ಲಿ ಹೋಗಿ, ಗ್ರೈಂಡರ್ ಮೇಲೆ ಹಿಡಿತ ಸಿಗುತ್ತದೆ. ವೆಲ್ಡಿಂಗ್ ಮಾತ್ರ ಅಲ್ಲಿ ಕಲಿಯಬೇಡಿ. ಗ್ಯಾಪ್ ದೊಡ್ಡದಾದರೆ ರಾಡಿನ ತುಂಡು ತುರುಕಿ ಮೇಲೆ ವೆಲ್ಡ್ ಎಳೆಯುವ ಚಾಳಿ ಒಮ್ಮೆ ಕೈಗೆ ಬಂದರೆ ಪೈಪಿನಲ್ಲಿ ಬಿಡಿಸುವುದು ಕಷ್ಟ. ಜಿಐ ಪೈಪ್ ಆದರೆ ಸತುವಿನ ಲೇಪ ಉಜ್ಜಿ ತೆಗೆದು, ಗಾಳಿ ಓಡಾಡುವಲ್ಲಿ ನಿಂತು ವೆಲ್ಡ್ ಮಾಡಿ. ಆ ಹೊಗೆ ಕುಡಿದರೆ ಸಂಜೆಗೆ ಚಳಿಜ್ವರ. ಹಾಲು ಕುಡಿದರೆ ಸರಿಯಾಗುತ್ತದೆ ಅನ್ನುವುದು ಬರೀ ನಂಬಿಕೆ.

6ಜಿ ಕೋರ್ಸ್ ಐಟಿಐ ಆದ ಮೇಲೆ. ಸೇರುವ ಮುನ್ನ ಅಲ್ಲಿಗೇ ಹೋಗಿ ಕೇಳಿ: ಒಬ್ಬನಿಗೆ ಎಷ್ಟು ಪೈಪ್ ಜಾಯಿಂಟ್ ಸಿಗುತ್ತದೆ? ಆರ್ಗನ್ ದಿನವೂ ಇರುತ್ತದಾ? ರಾಡ್ ಓವನ್ ಕೆಲಸ ಮಾಡುತ್ತದಾ? 2 ಇಂಚಿನ, ದಪ್ಪ ಗೋಡೆಯ ಪೈಪ್ ಕೊಡುತ್ತಾರಾ? 6 ಇಂಚಿನಲ್ಲಿ ಪಾಸಾದವನಿಗೆ ಹೊರವ್ಯಾಸ 73 ಮಿ.ಮೀ. ಮತ್ತು ಅದಕ್ಕಿಂತ ದೊಡ್ಡ ಪೈಪ್ ಮಾತ್ರ, 2 ಇಂಚಿನಲ್ಲಿ ಪಾಸಾದವನಿಗೆ 25 ಮಿ.ಮೀ.ನಿಂದ ಮೇಲಿನದ್ದೆಲ್ಲ ಸಿಗುತ್ತದೆ. ಹುಡುಗರು ವೆಲ್ಡ್ ಮಾಡಿದ ಪೈಪನ್ನು ಕತ್ತರಿಸಿ, ಬಗ್ಗಿಸಿ ತೋರಿಸುತ್ತಾರಾ? ಇದಕ್ಕೆ ಇಲ್ಲ ಅಂದರೆ ಫೀಸು ಕಟ್ಟದೆ ಬಸ್ ಹತ್ತಿ.

ಗಲ್ಫಿನ ಏಜೆಂಟ್ ಕೇಂದ್ರ ಸರಕಾರದ ವಿದೇಶ ಉದ್ಯೋಗದ ವೆಬ್‌ಸೈಟ್ ಇ-ಮೈಗ್ರೇಟ್‌ನಲ್ಲಿ ನೋಂದಾಯಿಸಿದವನೇ ಆಗಿರಬೇಕು. ಅವನು ನಿಮ್ಮಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿ, ಹಣ ಕೊಟ್ಟದ್ದಕ್ಕೆ ರಶೀದಿ ಕೇಳಿ ತೆಗೆದುಕೊಳ್ಳಿ.