ಅಪ್ಪನ ಟ್ರಂಕಿನಲ್ಲಿ ಉಳಿದ ಹಕ್ಕಿಗಳು

ಪ್ರಶ್ನೆ: ಅಪ್ಪ ಡ್ರಾಯಿಂಗ್ ಮೇಷ್ಟ್ರಾಗಿದ್ದರು. ಮೂವತ್ತು ವರ್ಷ ಒರಿಗಾಮಿ, ಅಂದರೆ ಕಾಗದ ಮಡಿಸಿ ಆಕೃತಿ ಮಾಡುವ ಕಲೆ, ಮಾಡಿದರು. ಹೋದ ವರ್ಷ ತೀರಿಕೊಂಡರು. ಎರಡು ಟ್ರಂಕಿನ ತುಂಬಾ ಕಾಗದದ ಹಕ್ಕಿ, ಪ್ರಾಣಿಗಳಿವೆ. ಚುಕ್ಕೆ ಗೆರೆ, ಬಾಣದ ಗುರುತು ಹಾಕಿ ಚಿತ್ರ ಬರೆದ ಹನ್ನೊಂದು ನೋಟ್‌ಬುಕ್ಕುಗಳಿವೆ. ಅಚ್ಚು ಹಾಕಿಸೋಣ ಅಂದರೆ "ಇನ್ನೂ ಸರಿಹೋಗಿಲ್ಲ" ಅನ್ನುತ್ತಿದ್ದರು. ಈಗ ಅವರ ಶಿಷ್ಯನೊಬ್ಬ ಪುಸ್ತಕ ಮಾಡೋಣ ಅಂತಾನೆ. ಅಣ್ಣ ಎಲ್ಲ ರದ್ದಿಗೆ ಹಾಕು ಅಂತಾನೆ. ಅಮ್ಮ ಏನೂ ಹೇಳುವುದಿಲ್ಲ. ಪುಸ್ತಕ ಮಾಡಿದರೆ ಅಪ್ಪನ ಮಾತು ಮೀರಿದ ಹಾಗಾಗುತ್ತದಾ?
– ಓದುಗರು, ಸಾಗರ

ಉತ್ತರ: "ಇನ್ನೂ ಸರಿಹೋಗಿಲ್ಲ" ಅಂದರೆ "ಯಾರಿಗೂ ತೋರಿಸಬೇಡ" ಅಂತ ಅಲ್ಲವಲ್ಲ. ತಮಗೊಬ್ಬರಿಗೇ ಆಗಿದ್ದರೆ ಬಾಣದ ಗುರುತು ಯಾಕೆ ಬೇಕಿತ್ತು? ಅವರ ಬೆರಳಿಗೆ ದಾರಿ ಗೊತ್ತಿತ್ತು. ಇನ್ನೊಬ್ಬರು ಮಡಿಸಲಿ ಅಂತಲೇ ಬರೆದಿಟ್ಟಿದ್ದಾರೆ ಅಂತ ನನಗನಿಸುತ್ತದೆ.

ಜಪಾನಿನ ಒರಿಗಾಮಿ ಕಲಾವಿದ ಅಕಿರಾ ಯೋಶಿಝಾವಾ 2005ರಲ್ಲಿ ತೀರಿಕೊಂಡರು. ಅವರು ಮಡಿಸಿದ್ದು ಸಾವಿರಾರು. ಮಡಿಸುವ ಕ್ರಮ ಬರೆದು ಕೊಟ್ಟದ್ದು ಕೆಲವು ನೂರು ಮಾತ್ರ. ಉಳಿದವನ್ನು ನೋಡಿ ಬೆರಗಾಗಬಹುದು, ಮಾಡುವುದು ಹೇಗೆ ಅಂತ ಊಹಿಸಬೇಕು. ತಮಾಷೆ ಅಂದರೆ, 1954ರ ಪುಸ್ತಕದಲ್ಲಿ ಚುಕ್ಕೆ ಗೆರೆ, ಬಾಣಗಳ ಪದ್ಧತಿ ತಂದವರೂ ಅವರೇ. ಇವತ್ತು ಒರಿಗಾಮಿ ಲೋಕವೆಲ್ಲ ಬಳಸುವುದು ಅದರಿಂದ ಬೆಳೆದ ಗುರುತುಗಳನ್ನೇ. ಹಾಗಾಗಿ ಕನ್ನಡದ ಒಂದಕ್ಷರ ಬಾರದವರೂ ನಿಮ್ಮಪ್ಪನ ಹಕ್ಕಿಯನ್ನು ಮಡಿಸಬಲ್ಲರು. ಅಪ್ಪನಿಗೆ ಒಪ್ಪಿಗೆಯಾಗದ ಮಾದರಿಗಳನ್ನು ಬಿಡಬೇಡಿ. ಪಕ್ಕದಲ್ಲಿ ಅವರ ಮಾತನ್ನೇ ಅಚ್ಚು ಹಾಕಿಸಿ: ಇನ್ನೂ ಸರಿಹೋಗಿಲ್ಲ.

ಪುಸ್ತಕ ಆಮೇಲೆ. ಮೊದಲು ಸಾಗರದ ಮಳೆಗಾಲ ನೋಡಿ! ಟ್ರಂಕನ್ನು ನೆಲದಿಂದ ಮೇಲೆತ್ತಿ, ಗೋಡೆಗೆ ತಾಗಿಸಬೇಡಿ. ಸೆಲ್ಲೋಟೇಪ್, ಲ್ಯಾಮಿನೇಶನ್ ಬೇಡವೇ ಬೇಡ. ನೋಟ್‌ಬುಕ್ಕುಗಳ ಪ್ರತಿ ಪುಟ ಸ್ಕ್ಯಾನ್ ಮಾಡಿಸಿ, ಖಾಲಿ ಕಾಣುವ ಪುಟವನ್ನೂ. ಮಾದರಿಗಳನ್ನು ಸುಮ್ನೆ ಕುತೂಹಲಕ್ಕೆ ಬಿಚ್ಚಬೇಡಿ. ಮೇಲೆ, ಕೆಳಗೆ, ಬೆನ್ನಿಗೆ ಫೋಟೋ ತೆಗೆಯಿರಿ. ಬಿಚ್ಚಿದ ಹಾಳೆ ಸಿಕ್ಕಿದರೆ ಎಸೆಯಬೇಡಿ. ಕೋಣೆ ಕತ್ತಲೆ ಮಾಡಿ, ಪಕ್ಕದಿಂದ ಟಾರ್ಚ್ ಬಿಡಿ. ಉಬ್ಬು ಮಡಿಕೆ, ತಗ್ಗು ಮಡಿಕೆ ಎರಡೂ ನೆರಳಿನಲ್ಲಿ ಎದ್ದು ಕಾಣುತ್ತವೆ. ಶಿಷ್ಯ ನೋಟ್‌ಬುಕ್ ನೋಡಿ ಒಂದೊಂದನ್ನೂ ಹೊಸದಾಗಿ ಮಡಿಸಲಿ. ಎಲ್ಲಿ ಕೈ ನಿಲ್ಲುತ್ತದೋ ಅಲ್ಲಿ ಒಂದು ಹಂತ ಬಿಟ್ಟುಹೋಗಿದೆ.

ಕೃತಿಸ್ವಾಮ್ಯ ಬರೆದವರು ತೀರಿಕೊಂಡ ಮೇಲೂ ನಮ್ಮಲ್ಲಿ 60 ವರ್ಷ ಇರುತ್ತದೆ. ವಿಲ್ ಇಲ್ಲದಿದ್ದರೆ ಸಾಮಾನ್ಯವಾಗಿ ಅದು ಅಮ್ಮ, ಅಣ್ಣ, ನೀವು ಮೂವರಿಗೂ ಸೇರಿದ್ದು. ಶಿಷ್ಯನಿಗೆ ಕೊಡುವ ಒಪ್ಪಿಗೆ ಪತ್ರಕ್ಕೆ ಮೂವರೂ ಸಹಿ ಹಾಕಿ. ಮೂಲ ನೋಟ್‌ಬುಕ್ ಮನೆಯಿಂದ ಹೊರಗೆ ಹೋಗದಿರಲಿ.

ಅಣ್ಣನ ಮೇಲೆ ಸಿಟ್ಟು ಬೇಡ. ರದ್ದಿ ಅನ್ನುವವರಿಗೆ ಎಷ್ಟೋ ಸಲ ಆ ಟ್ರಂಕು ತೆರೆಯುವ ಧೈರ್ಯ ಇರುವುದಿಲ್ಲ. ಫೋಟೋ ತೆಗೆಯುವ ದಿನ ಟಾರ್ಚ್ ಹಿಡಿಯಲಿಕ್ಕೆ ಅವರನ್ನು ಕರೆಯಿರಿ.