ಅಮೆರಿಕದಲ್ಲಿ ಮೆಡಿಕಲ್ ಅಸಿಸ್ಟೆಂಟ್ ಆಗಲು ಎಷ್ಟು ಓದಬೇಕು?

ಬಿಎಸ್ಸಿ ಮುಗಿಸಿ, ಗಂಡನ ಜೊತೆ ಅಮೆರಿಕಕ್ಕೆ ಬಂದಿದ್ದೇನೆ, ಈ ಕೆಲಸಕ್ಕೆ ಮತ್ತೆ ನಾಲ್ಕು ವರ್ಷ ಓದಬೇಕಾ ಎಂದು ಕೇಳಿದ್ದೀರಿ. ಬೇಕಿಲ್ಲ. ಬಹುಶಃ ಫಿಸಿಶಿಯನ್ ಅಸಿಸ್ಟೆಂಟ್ ಜೊತೆ ಕಲಸಿಕೊಂಡಿದ್ದೀರಿ. ಅದು ಮಾಸ್ಟರ್ಸ್ ಓದಿ ಔಷಧಿ ಬರೆದುಕೊಡುವವರ ಹುದ್ದೆ.

ಡಾಕ್ಟರ್ ಬರುವ ಮುಂಚೆ ನಮ್ಮನ್ನು ಒಳಗೆ ಕರೆದು, ತೂಕ ನೋಡಿ, ತೋಳಿಗೆ ಬಿಪಿ ಪಟ್ಟಿ ಸುತ್ತಿ, ಯಾವ ಮಾತ್ರೆ ತಗೊಳ್ತಿದ್ದೀರಿ ಎಂದು ಕೇಳುತ್ತಲೇ ಕಂಪ್ಯೂಟರಿಗೆ ಹಾಕುತ್ತಾರಲ್ಲ, ಅವರೇ ಮೆಡಿಕಲ್ ಅಸಿಸ್ಟೆಂಟ್. ಇಸಿಜಿ, ರಕ್ತ ತೆಗೆಯುವುದು, ಇನ್ಶೂರೆನ್ಸ್ ಕಾಗದಪತ್ರವೂ ಇವರ ತಲೆಗೇ.

ಕಮ್ಯುನಿಟಿ ಕಾಲೇಜಿನ (ಊರಿನ ಸರ್ಕಾರಿ ಕಾಲೇಜು) ಸರ್ಟಿಫಿಕೇಟ್ ಕೋರ್ಸ್ ಹೆಚ್ಚುಕಡಿಮೆ ಒಂದು ವರ್ಷ, ಅಸೋಸಿಯೇಟ್ ಡಿಗ್ರಿಯಾದರೆ ಎರಡು. ಫೀಸು ಕಟ್ಟುವ ಮೊದಲು ಸಿಎಎಎಚ್‌ಇಪಿ ಅಥವಾ ಎಬಿಎಚ್‌ಇಎಸ್ ಎಂಬ ಸಂಸ್ಥೆಯ ಮಾನ್ಯತೆ ಇದೆಯೇ ಎಂದು ಕೇಳಿಬಿಡಿ. ಸಿಎಂಎ (ಸರ್ಟಿಫೈಡ್ ಮೆಡಿಕಲ್ ಅಸಿಸ್ಟೆಂಟ್) ಪರೀಕ್ಷೆಗೆ ಮಾಮೂಲು ದಾರಿ ಅದೇ. ಜಾಹೀರಾತು ಜೋರಾಗಿರುವ ಖಾಸಗಿ ಸಂಸ್ಥೆಗಳ ಬಗ್ಗೆ ನನಗೆ ಅಷ್ಟು ನಂಬಿಕೆಯಿಲ್ಲ, ದುಡ್ಡೂ ಜಾಸ್ತಿ.

ಕೋರ್ಸಿನ ಜೀವಾಳ ಕ್ಲಿನಿಕ್ ತರಬೇತಿ. ಸಿಎಎಎಚ್‌ಇಪಿ ಕೋರ್ಸುಗಳಲ್ಲಿ ಕನಿಷ್ಠ 160 ಗಂಟೆ, ಸಾಮಾನ್ಯವಾಗಿ ಸಂಬಳವಿಲ್ಲ. ರಕ್ತ ತೆಗೆಯಲು ತರಗತಿಯ ಗೆಳೆಯರ ತೋಳಿನಲ್ಲಿ ನರ ಹುಡುಕುವುದೇ ಬೇರೆ, ಗಾಬರಿಯಾದ ಅಜ್ಜಿಯ ಸುಕ್ಕು ಕೈಯಲ್ಲಿ ಹುಡುಕುವುದೇ ಬೇರೆ. ಅಲ್ಲಿ ಚುರುಕಾಗಿದ್ದರೆ ಎಷ್ಟೋ ಸಲ ಅದೇ ಕ್ಲಿನಿಕ್ಕಿನಲ್ಲೇ ಕೆಲಸ ಸಿಗುತ್ತದೆ.

ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ವಾಷಿಂಗ್ಟನ್ ರಾಜ್ಯದಲ್ಲಿ ಅಲ್ಲಿನ ಆರೋಗ್ಯ ಇಲಾಖೆಯ ಪರವಾನಗಿ ಬೇಕೇ ಬೇಕು. ಕ್ಯಾಲಿಫೋರ್ನಿಯಾದಲ್ಲಿ ಸರ್ಕಾರ ಲೈಸೆನ್ಸ್ ಕೇಳುವುದಿಲ್ಲ, ಆದರೆ ಕೆಲಸ ಕೊಡುವವರು ಸಿಎಂಎಯಂಥ ಸರ್ಟಿಫಿಕೇಟ್ ಕೇಳಬಹುದು. ಹಾಂ, ಎಚ್-4 ವೀಸಾದಲ್ಲಿದ್ದರೆ (ಎಚ್-1ಬಿ ಕೆಲಸದ ವೀಸಾದವರ ಸಂಗಾತಿಗೆ ಸಿಗುವುದು) ಓದಲು ಅಡ್ಡಿಯಿಲ್ಲ, ಕೆಲಸಕ್ಕೆ ಮಾತ್ರ ಇಎಡಿ, ಅಂದರೆ ಕೆಲಸ ಮಾಡುವ ಅನುಮತಿ ಪತ್ರ ಬೇಕು.