ಮಳೆಗಾಲದಲ್ಲಿ ಲೈಟ್ ಸರ್ಕ್ಯೂಟ್ 0.3 ಮೆಗಾಓಮ್: ವೈರಿಂಗ್ ಬದಲಿಸಬೇಕಾ?

ಉಡುಪಿಯ ಮನೆಯಲ್ಲಿ ಮಳೆ ಜೋರಾದಾಗ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಬೀಳುತ್ತದೆ, ಲೈಟ್ ಸರ್ಕ್ಯೂಟಿಗೆ ಮೆಗ್ಗರ್ (ವೈರಿನ ಇನ್ಸುಲೇಷನ್ ಅಳೆಯುವ ಮೀಟರ್; ಅಂಕಿ ಕಡಿಮೆಯಾದಷ್ಟು ಸೋರಿಕೆ ಹೆಚ್ಚು) ಹಾಕಿದರೆ 0.3 ಮೆಗಾಓಮ್, ಇಡೀ ವೈರಿಂಗ್ ಬದಲಿಸಬೇಕಾ ಅಂತ ಕೇಳಿದ್ದೀರಿ. ಈಗಲೇ ಬೇಡ. ಮೊದಲು ಅಳತೆಯೇ ಸರಿಯಿದೆಯಾ ನೋಡಿ.

ಮೇನ್ ಆಫ್ ಮಾಡಿ, ಇನ್ವರ್ಟರ್ ಇದ್ದರೆ ಅದನ್ನೂ. ಕರೆಂಟ್ ಇಲ್ಲವೆಂದು ಖಚಿತ ಮಾಡಿಕೊಳ್ಳಿ. ಸಿಂಗಲ್ ಪೋಲ್ ಎಂಸಿಬಿ (ಒಂದೊಂದು ಸರ್ಕ್ಯೂಟಿಗೂ ಇರುವ ಬ್ರೇಕರ್ ಸ್ವಿಚ್) ಫೇಸನ್ನಷ್ಟೇ ಕಡಿಯುತ್ತದೆ. ಆ ಸರ್ಕ್ಯೂಟಿನ ನ್ಯೂಟ್ರಲ್ ವೈರನ್ನು ಡಿಬಿಯ (ಎಂಸಿಬಿಗಳಿರುವ ಪೆಟ್ಟಿಗೆಯ) ನ್ಯೂಟ್ರಲ್ ಬಾರ್‌ನಿಂದ ಬಿಚ್ಚದಿದ್ದರೆ ಬೇರೆ ಸರ್ಕ್ಯೂಟುಗಳ ಸೋರಿಕೆಯೂ ನಿಮ್ಮ ಮೀಟರಿನಲ್ಲೇ ಕಾಣುತ್ತದೆ. ಎಲ್ಇಡಿ ಬಲ್ಬು, ಎಲ್ಇಡಿಗೆ ಕರೆಂಟ್ ಕೊಡುವ ಡ್ರೈವರ್, ಫ್ಯಾನ್, ರೆಗ್ಯುಲೇಟರ್ ಎಲ್ಲ ಬಿಚ್ಚಿ. ಸ್ವಿಚ್ಚುಗಳೆಲ್ಲ ಆನ್ ಇರಲಿ. ಮೆಟ್ಟಿಲಿನ ಟೂ-ವೇ ಸ್ವಿಚ್ಚನ್ನು ಎರಡೂ ಬದಿಗೆ ಹಾಕಿ ಅಳೆಯಿರಿ. 500 ವೋಲ್ಟ್ ಡಿಸಿಯಲ್ಲಿ ಫೇಸ್, ನ್ಯೂಟ್ರಲ್ ಒಟ್ಟು ಸೇರಿಸಿ ಅರ್ತ್‌ಗೆ, ಆಮೇಲೆ ಫೇಸ್‌ಗೂ ನ್ಯೂಟ್ರಲ್‌ಗೂ ನಡುವೆ. ಕನಿಷ್ಠ 1 ಮೆಗಾಓಮ್ ಬೇಕು. ಒಣಗಿದ ಒಳ್ಳೆಯ ಪಿವಿಸಿ ವೈರಿಂಗ್ ಸಲೀಸಾಗಿ ನೂರು ದಾಟುತ್ತದೆ.

ಆಗಲೂ ಕಡಿಮೆ ಬಂದರೆ ಗೇಟ್ ಲೈಟಿಗೆ ಹೋಗುವ ವೈರ್ ಬಿಚ್ಚಿ ಮತ್ತೆ ಅಳೆಯಿರಿ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಕಾಂಪೌಂಡಿನ ಪೈಪಿನಲ್ಲಿ ನೀರು ನಿಂತು, ಟೇಪ್ ಸುತ್ತಿದ ಜಾಯಿಂಟ್ ಹಸಿರು ಕಿಲುಬು ಹಿಡಿದಿರುತ್ತದೆ. ಹೆಚ್ಚಾಗಿ ಕಳ್ಳ ಅಲ್ಲೇ ಇರುವುದು. ಟೇಪಿನ ಮೇಲೆ ಟೇಪ್ ಸುತ್ತಬೇಡಿ, ಆ ತುಂಡನ್ನೇ ಬದಲಿಸಿ. ಡಿಬಿ ಬಿಚ್ಚಿ ಅಭ್ಯಾಸವಿಲ್ಲದಿದ್ದರೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೆ ಹೇಳಿ.